ನಾಗಕ್ಕ ಹೇಳಿದ ಹೆಸರು

ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ. ಅವರು ಬೀದಿಯ ಆ ತುದಿಯಲ್ಲಿದ್ದರೆ ಈ ತುದಿಯಿಂದಲೇ ಕೂಗುತ್ತೇನೆ. ಅವರಿಗೂ ರೂಢಿಯಾಗಿಬಿಟ್ಟಿದೆ. ನಮ್ಮಜ್ಜಿಗೆ ಮಾತ್ರ ಕೊನೆಯವರೆಗೂ ರೂಢಿಯಾಗಲಿಲ್ಲ. ನಾನು ಹಾಗೆ ಕೂಗಿದಾಗಲೆಲ್ಲ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರದಲ್ಲೇ ಬಿಟ್ಟು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಹಳೇ ಕಾಲದವಳು, ಮಡಿವಂತಿಕೆ ಜಾಸ್ತಿ ಅಂತ ನಾನು ನಗುತ್ತಿದ್ದೆ. ಅವಳು ಎದ್ದು ಹೋಗುತ್ತಿದ್ದದ್ದು ತನ್ನ ಮೇಲಿನ ನಾಚಿಕೆಗೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ಸಾಯುವ ಹಿಂದಿನ ವರ್ಷ, ಯಾರೂ ಕೇಳದಿದ್ದರೂ, ಅವಳೇ ಎಲ್ಲವನ್ನೂ ಹೇಳಿದಳು. ಹೇಳುವಾಗ ಒಮ್ಮೆಯೂ ನನ್ನ ಮುಖ ನೋಡಲಿಲ್ಲ.

ಅಜ್ಜಿಯ ಹೆಸರು ನಾಗಕ್ಕ. ಇಲ್ಲಿ ನಾಗಕ್ಕ ಎಂದೇ ಬರೆಯುತ್ತೇನೆ. ಅಜ್ಜಿ ಎಂದು ಬರೆದರೆ ಅವಳ ಪರವಾಗಿ ನಾಲ್ಕು ಮಾತು ಹೆಚ್ಚಿಗೆ ಬಂದುಬಿಡುತ್ತವೆ, ಅದು ಅವಳಿಗೇ ಬೇಕಿರಲಿಲ್ಲ.

ನಾಗಕ್ಕ ಪಾವಗಡದ ಕಡೆಯವಳು. ವಳ್ಳೂರಿನಾಚೆ, ಕನ್ನಡ ತೆಲುಗು ಕಲಸಿ ಮಾತಾಡುವ ಊರು. ಮಿಡಿಗೇಶಿ ಬೆಟ್ಟ ಕಾಣುವ ನಮ್ಮ ಹಳ್ಳಿಗೆ ಮದುವೆಯಾಗಿ ಬಂದಾಗ ಇನ್ನೂ ಲಂಗ ಉಡುವ ವಯಸ್ಸು. ನಮ್ಮದು ಹಾಲುಮತದ ಮನೆ, ಕುರಿ ಸಾಕುವುದು, ಕಂಬಳಿ ನೇಯುವುದು, ಮಳೆ ಬಂದರೆ ಒಂದಿಷ್ಟು ರಾಗಿ ಹುರುಳಿ. ಮನೆಯಲ್ಲಿ ಅತ್ತೆ ಇರಲಿಲ್ಲ. ಇದ್ದವಳು ಭೀಮಕ್ಕ. ಗಂಡನ ಅಣ್ಣ ಬೋರಪ್ಪನ ಹೆಂಡತಿ, ನಾಗಕ್ಕನಿಗೆ ಓರಗಿತ್ತಿ. ಬಂದ ದಿನ ಹುಡುಗಿ ಮೂಲೆಯಲ್ಲಿ ನಿಂತು "ಆಕಲಿ, ಆಕಲಿ" ಅಂತ ಅಳುತ್ತಿತ್ತಂತೆ. ಗಂಡಸರಿಗೆ ಅರ್ಥವಾಗದೆ ಹೆದರಿಕೆಯಾಗಿದೆಯೇನೋ ಅಂತ ತಾಯಿತ ಹುಡುಕಲು ಹೋದರು. ಭೀಮಕ್ಕ ಹೊಟ್ಟೆ ಮುಟ್ಟಿ ನೋಡಿ, ಮುದ್ದೆ ಮುರಿದು ಬಾಯಿಗಿಟ್ಟಳು. ಆಕಲಿ ಅಂದರೆ ಹಸಿವು. ಆ ಮನೆಯಲ್ಲಿ ಮೊದಲು ತೆಲುಗು ಕಲಿತವಳು ಭೀಮಕ್ಕ, ಕಲಿತದ್ದೂ ಅದೊಂದೇ ಮಾತು.

ಉಣ್ಣೆ ಹಿಂಜುವುದು, ನೂಲುವುದು, ಈದ ಕುರಿಗೆ ಮರಿಯನ್ನು ಹೊಂದಿಸುವುದು, ಎಲ್ಲವನ್ನೂ ಭೀಮಕ್ಕನೇ ಕಲಿಸಿದಳು. ನಾಗಕ್ಕನ ಗಂಡ ಕಾಟಪ್ಪ, ಅಂದರೆ ನಮ್ಮ ತಾತ, ಅವನನ್ನೂ ಅವಳೇ ಬೆಳೆಸಿದವಳು. ತಾಯಿ ಸತ್ತಾಗ ಅಂಬೆಗಾಲಿಡುತ್ತಿದ್ದ ಮೈದುನ ಅವನು. ಭೀಮಕ್ಕನಿಗೆ ಸ್ವಂತ ಮಕ್ಕಳಾಗಲಿಲ್ಲ. ನಮ್ಮಮ್ಮ ಹುಟ್ಟಿದಾಗ ಎಣ್ಣೆ ನೀರು ಹಾಕಿ ಕಾಲ ಮೇಲೆ ಮಲಗಿಸಿಕೊಂಡವಳೂ ಅವಳೇ.

ಬೋರಪ್ಪ ಜ್ವರ ಬಂದು ಸತ್ತ. ಪಂಚಾಯಿತಿ ಸೇರಿ ಮಂದೆ ಎರಡು ಮಾಡಿ, ಮನೆಯ ನಡುವೆ ಗೋಡೆ ಎಬ್ಬಿಸಿ, ಹೊಲ ಭಾಗ ಮಾಡಿ, ಕೆರೆಯ ಕೆಳಗಿನ ಒಳ್ಳೆಯ ಹೊಲವನ್ನು ವಿಧವೆಗೆ ಬಿಟ್ಟುಕೊಟ್ಟಿತು. ಕಾಟಪ್ಪನಿಗೆ ಮೇಲಿನ ಕಲ್ಲು ಹೊಲ ಬಂತು. ಅದರ ಬಗ್ಗೆ ತಾತ ಬಾಯಲ್ಲಿ ಏನೂ ಅನ್ನಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಅಂತ ನನ್ನ ಅನುಮಾನ, ತಾತನ ಮೇಲೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಕೆರೆ ಕೆಳಗಿನ ಹೊಲದ ಕಂದಾಯ ಜಾಸ್ತಿ. ಅದರಿಂದಲೇ ಭೀಮಕ್ಕನಿಗೆ ಓಟು ಬಂತು. ಮೈಸೂರು ಮಹಾರಾಜರ ಕಾಲ. ದಸರೆಯಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರುತ್ತಿತ್ತು. ತಾಲ್ಲೂಕಿನಿಂದ ಆರಿಸಿ ಹೋದವರು ಅಲ್ಲಿ ಎದ್ದು ನಿಂತು ತಮ್ಮ ಕಡೆಯ ಕಷ್ಟ ಸುಖ ಹೇಳಬಹುದಿತ್ತು. ಆರಿಸುವ ಹಕ್ಕು ಎಲ್ಲರಿಗೂ ಇರಲಿಲ್ಲ, ಇಷ್ಟು ಅಂತ ಕಂದಾಯ ಕಟ್ಟುವವರಿಗೆ ಮಾತ್ರ. ನಮ್ಮ ಹಳ್ಳಿಯಲ್ಲಿ ಓಟಿದ್ದ ಹೆಂಗಸು ಭೀಮಕ್ಕ ಒಬ್ಬಳೇ. ಕಲ್ಲು ಹೊಲದ ಕಾಟಪ್ಪನಿಗೆ ಇರಲಿಲ್ಲ. ಪಟೇಲ ದೊಡ್ಡರಂಗಪ್ಪ ಚಾವಡಿಯಲ್ಲಿ ಹೆಸರು ಓದುವಾಗ "ಭೀಮಕ್ಕ, ಕೋಂ ಬೋರಪ್ಪ" ಅಂತ ಓದಿದ. ಸರ್ಕಾರದ ಬರಹದಲ್ಲಿ ಕೋಂ ಅಂದರೆ ಇಂಥವನ ಹೆಂಡತಿ ಅಂತ. ಭೀಮಕ್ಕ ಆ ದಿನ ಉಣ್ಣೆ ಹಿಂಜುತ್ತ ಓರಗಿತ್ತಿಗೆ ಹೇಳಿದಳು:

"ನನ್ನ ಮದ್ವೆ ಮಾಡುವಾಗ ಯಾರೂ ನನ್ನ ಕೇಳ್ಲಿಲ್ಲ ಕಣೇ. ಹೊಲ ಭಾಗ ಮಾಡುವಾಗ್ಲೂ ಕೇಳ್ಲಿಲ್ಲ, ಅವ್ರೇ ಕೊಟ್ರು. ಈಗ ನೋಡು, ಮಾರಾಜ್ರು ಕೇಳ್ತಾವ್ರೆ, ಭೀಮಕ್ಕ ನಿಂಗೆ ಯಾರು ಬೇಕು ಅಂತ."

"ಯಾರು ಬೇಕಕ್ಕ ನಿಂಗೆ?"

"ಲಾಯರಪ್ಪ. ಅವ್ರು ನಮ್ಮ ಅಂಗಳಕ್ಕೆ ಬಂದು ಕಂಬಳಿ ಮ್ಯಾಲೆ ಕುಂತು ಕೇಳುದ್ರು. ಆಯ್ತು ಅಂದಿವ್ನಿ. ಕಾವಲು ಬುಡಿಸ್ತೀನಿ ಅಂದ್ರು."

ಲಾಯರಪ್ಪ ಅಂದರೆ ಮಧುಗಿರಿಯ ವಕೀಲ ನಂದೀಶ್ವರಯ್ಯ. ನಮ್ಮೂರಿನ ಮಗ್ಗುಲಿಗೆ ಸರ್ಕಾರದ ದೊಡ್ಡ ಹುಲ್ಲುಗಾವಲಿತ್ತು, ಅದನ್ನು ಕಾವಲು ಅನ್ನುತ್ತಿದ್ದರು. ಅದರ ಹುಲ್ಲಿನ ಗುತ್ತಿಗೆ ಹಿಡಿದಿದ್ದವನು ಸಾಹುಕಾರ ಶಂಕರಲಿಂಗಪ್ಪ. ಅವನು ಬಂದ ಮೇಲೆ ಕುರಿಗಳಿಗೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಮರಿಯೊಂದು ಬೇಲಿ ದಾಟಿದರೂ ಅವನ ಆಳುಗಳು ಇಡೀ ಮಂದೆಯನ್ನು ಅಟ್ಟಿಕೊಂಡು ಹೋಗಿ ಸರ್ಕಾರಿ ದೊಡ್ಡಿಗೆ ಕೂಡಿಬಿಡುತ್ತಿದ್ದರು. ವಕೀಲರು ದಸರೆ ಸಭೆಯಲ್ಲಿ ಇದನ್ನು ಎತ್ತುತ್ತೇನೆ ಅಂತ ಹೊರಟರು. ಅವರಿಗೆ ಎದುರಾಗಿ ಶಂಕರಲಿಂಗಪ್ಪ ತಾನೇ ನಿಂತ. ಕುರಿಯವರ ಕಷ್ಟವನ್ನು ಮಹಾರಾಜರಿಗೆ ತಿಳಿಸಲು ಕುರಿ ಕೂಡುವವನೇ ಹೊರಟಿದ್ದ. ಇದನ್ನು ಕೇಳಿ ಆಗ ಯಾರೂ ನಗಲಿಲ್ಲ. ನಗುವುದಕ್ಕೂ ಧೈರ್ಯ ಬೇಕು.

ಎಲೆಕ್ಷನ್ನಿಗೆ ಕೆಲವೇ ದಿನ ಇದ್ದಾಗ ಕಾಟಪ್ಪನ ಕುರಿ ಸಿಕ್ಕಿಬಿದ್ದವು. ಬೇಲಿ ದಾಟಿದ್ದವೋ ದಾಟಿಸಿದ್ದರೋ ದೇವರೇ ಬಲ್ಲ. ಹಾಲು ಕುಡಿಯುವ ಮರಿಗಳು ಮನೆಯ ಹಿಂದಿನ ಗೂಡಿನಂಥ ಕೊಪ್ಪದಲ್ಲಿ ಉಳಿದವು, ತಾಯಿಗಳೆಲ್ಲ ದೊಡ್ಡಿಯಲ್ಲಿ. ದೊಡ್ಡಿಯಲ್ಲಿ ಮೇವಿಲ್ಲ, ನೀರೂ ಅವರು ಕೊಟ್ಟಾಗ. ಕಾಟಪ್ಪ ಹೋಗಿ ಪಟೇಲನ ಕಾಲು ಹಿಡಿದ. ಪಟೇಲ ದೊಡ್ಡರಂಗಪ್ಪ ಸಾಹುಕಾರನ ಕಡೆಯವನು. ದಂಡದ ಮಾತು ಎತ್ತಲೇ ಇಲ್ಲ. ನಿಮ್ಮತ್ತಿಗೆಯ ಓಟು ಸಾಹುಕಾರರಿಗೆ ಬೀಳಲಿ, ಕುರಿ ಮನೆಗೆ ಬರುತ್ತವೆ ಅಂದ.

ಕಾಟಪ್ಪ ಬಂದು ಅತ್ತಿಗೆಯನ್ನು ಕೇಳಿದ. ಭೀಮಕ್ಕ ಆಗಲ್ಲ ಅಂದಳು. ನಮ್ಮವರಲ್ಲಿ ಕಂಬಳಿ ಹಾಸಿ ಆಡಿದ ಮಾತು ದೇವರ ಮುಂದೆ ಆಡಿದಂತೆ.

"ಕಂಬಳಿ ಮ್ಯಾಲೆ ಕುಂತೋರ್ಗೆ ಆಡಿದ ಮಾತು ಕಣ್ಲಾ ಕಾಟ. ಅದ್ನ ಹೆಂಗ್ ಹಿಂದಕ್ಕೆ ತಗಳ್ಲಿ? ನನ್ ಕುರಿ ತಗೊಂಡ್ ಹೋಗು, ಅರ್ಧ ನಿಂಗೇ ಇರ್ಲಿ. ಓಟು ಮಾತ್ರ ಕೇಳ್ಬ್ಯಾಡ."

ಅರ್ಧ ಮಂದೆ ಕೊಡುತ್ತೇನೆ ಅಂದಳು. ಆ ಮಾತನ್ನು ತಾತ ತೆಗೆದುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅತ್ತಿಗೆಯ ಹೊಲ ಚೆನ್ನಾಗಿತ್ತು, ಕುರಿ ಚೆನ್ನಾಗಿದ್ದವು, ಈಗ ಓಟು ಬೇರೆ ಬಂದಿತ್ತು. ಅವಳ ಕೈಯಿಂದ ಇನ್ನೂ ಏನೋ ಇಸಿದುಕೊಳ್ಳಲು ಅವನಿಗೆ ಆಗಲಿಲ್ಲ. ತಿರುಗಿ ಪಟೇಲನ ಹತ್ತಿರವೇ ಹೋದ. ಪಟೇಲ ನಕ್ಕು, ಅವಳು ಬರುವುದೇ ಬೇಡ ಬಿಡು, ನಿನ್ನ ಮನೆಯಲ್ಲಿ ಹೆಂಗಸಿಲ್ಲವೇ ಅಂದ. ಓಟು ಹಾಕಿಸುವ ಅಧಿಕಾರಿ ತುಮಕೂರಿನವನು, ಇಲ್ಲಿ ಯಾರ ಮುಖವನ್ನೂ ಕಂಡವನಲ್ಲ. ಭೀಮಕ್ಕ ಬರುವುದು ಕೆಲಸ ಮುಗಿಸಿ ಮಧ್ಯಾಹ್ನದ ಮೇಲೆ. ನಿಮ್ಮನ್ನು ಬೆಳಗ್ಗೆಯೇ ನನ್ನ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದ.

ನಾಗಕ್ಕ ಕೊಪ್ಪದಲ್ಲಿ ಮರಿಗಳಿಗೆ ಬಟ್ಟೆ ಅದ್ದಿ ಹಾಲು ಚೀಪಿಸುತ್ತಿದ್ದಾಗ ಕಾಟಪ್ಪ ಬಂದು ಇದನ್ನು ಹೇಳಿದ.

"ನಾನೊಲ್ಲೆ. ಅಕ್ಕನ ಹೆಸ್ರಲ್ಲಿ ನಾನ್ ಹೆಂಗ್ ಹೋಗ್ಲಿ? ಅಕ್ಕಂಗೆ ಗಂಡ ಇಲ್ಲ. ನಂಗೆ ನೀನಿದ್ದೀಯ."

"ಒಂದ್ ಗಳಿಗೆ ಕಣೇ. ಹೋಗಿ ಬಂದ್ಬುಟ್ರೆ ಆಯ್ತು. ಮರಿ ಸಾಯ್ತಾವೆ, ನೋಡಾಕಾಗಾಕಿಲ್ಲ ನಂಗೆ."

ನಿಜವೇ, ಅವು ಸಾಯುತ್ತಿದ್ದವು. ಆವತ್ತು ಬೆಳಗ್ಗೆ ಒಂದು ಅವಳ ಮಡಿಲಲ್ಲೇ ಕತ್ತು ಚೆಲ್ಲಿತ್ತು. ನಾಗಕ್ಕ ಅದನ್ನು ನನಗೆ ನೆಪವಾಗಿ ಹೇಳಲಿಲ್ಲ. "ಮರಿ ಸತ್ವು ಅಂತ ಹೋದೆ ಅಂದ್ಕೊಬ್ಯಾಡ. ಗಂಡ ಹೇಳ್ದ ಅಂತ್ಲೂ ಅಲ್ಲ. ಯಾರ್ಗೂ ಗೊತ್ತಾಗಾಕಿಲ್ಲ ಅಂದ್ಕೊಂಡೆ, ಅದ್ಕೇ ಹೋದೆ" ಅಂದಳು.

ವಿಧವೆಯಾಗಿ ಹೋಗಬೇಕಲ್ಲ, ಬಳೆ ತೆಗೆಯಬೇಕಿತ್ತು. ಬೆಳಗಿನ ಜಾವ ಸೀಗೆ ನೊರೆ ಹಚ್ಚಿಕೊಂಡು ಒಂದೊಂದೇ ಜಾರಿಸಿದಳು. ಒಡೆಯಬಾರದು, ಒಡೆದರೆ ಅಪಶಕುನ ಅಂತ ಉಸಿರು ಬಿಗಿಹಿಡಿದು ಎಳೆದರೂ ಎಡಗೈಯ ಕೊನೆಯ ಬಳೆ ಗೆಣ್ಣಿಗೆ ಸಿಕ್ಕಿ ಚೂರಾಯಿತು. ಕಾಟಪ್ಪ ಅದನ್ನು ನೋಡಲಾರದೆ ಗಾಡಿ ಬಂತೇನೋ ಅಂತ ಹೊರಗೆ ಹೋದ. ನೋಡಲಾರದವನು ಮಾಡಿಸಬಾರದಿತ್ತು. ಅವಳು ಕುಂಕುಮ ಒರೆಸಿಕೊಂಡು, ತಾಳಿಯನ್ನು ಕುಪ್ಪಸದೊಳಕ್ಕೆ ತುರುಕಿ, ಸೆರಗು ಹೊದ್ದು, ನಮ್ಮಮ್ಮನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಭೀಮಕ್ಕನ ಬಾಗಿಲು ತೆರೆಯುವ ಮೊದಲೇ ಗಾಡಿ ಹತ್ತಿದಳು.

ಓಟು ಇದ್ದದ್ದು ಹೋಬಳಿಯ ಚಾವಡಿಯಲ್ಲಿ. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ಆಡುವಂತಿಲ್ಲ, ಅವನು ಸತ್ತ ಮೇಲೂ ಆಡುವಂತಿಲ್ಲ. ಹಾಗಂತ ಕೆಲಸವೇನೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಗಂಡನ ಹೆಸರು ಕೇಳಿದರೆ ಹೆಂಗಸು ಪಕ್ಕದವರ ಕಡೆ ತಿರುಗಿ "ಯೋಳ್ರಪ್ಪ" ಅನ್ನುತ್ತಿದ್ದಳು. ಪಕ್ಕದಲ್ಲಿ ಯಾರಿದ್ದರೂ ಹೇಳುತ್ತಿದ್ದರು. ಜಗಳವಾಗಿ ಮಾತು ಬಿಟ್ಟವರೂ ಹೇಳುತ್ತಿದ್ದರು. ಅದನ್ನು ಉಪಕಾರ ಅಂತ ಯಾರೂ ಎಣಿಸುತ್ತಿರಲಿಲ್ಲ.

ನಾಗಕ್ಕನಿಗಿಂತ ಮುಂದೆ ನಿಂತಿದ್ದವಳು ಕರಿಬಸಮ್ಮ ಅಂತ, ಬೇರೆ ಊರಿನ ಜಮೀನುದಾರರ ಮನೆಯವಳು. ಅವಳೂ ಹಾಗೆಯೇ ಹಿಂದೆ ತಿರುಗಿದಳು, ಯಾರೋ ಹೇಳಿದರು. ಅಧಿಕಾರಿಗೆ ರೇಗಿತು. "ಬೆಳಗ್ಗೆಯಿಂದ ಇದೇ ಆಗಿದೆ. ಸ್ವಂತ ಗಂಡನ ಹೆಸರು ಹೇಳಿದರೆ ಬಾಯಿ ಸುಡುತ್ತದೆಯೇನಮ್ಮ? ಹೀಗೆ ಮಾಡಿದರೆ ಯಾರು ಯಾರೆಂದು ನನಗೆ ತಿಳಿಯುವುದು ಹೇಗೆ?" ಅಂದ.

ಆಮೇಲೆ ನಾಗಕ್ಕನ ಸರದಿ.

"ನಿನ್ನ ಹೆಸರು?"

"ಭೀಮಕ್ಕ."

"ಗಂಡನ ಹೆಸರು?"

"ಬೋರಪ್ಪ."

ನಾಲಿಗೆ ತೊಡರುತ್ತದೆ ಅಂದುಕೊಂಡಿದ್ದಳಂತೆ. ಬಾವನ ಎದುರು ಅವಳು ತಲೆಯೆತ್ತಿ ನಿಂತವಳಲ್ಲ. ಆದರೆ ಗಂಡನಲ್ಲವಲ್ಲ, ಹೆಸರು ಸಲೀಸಾಗಿ ಬಂದುಬಿಟ್ಟಿತು. ಕೇಳಿದ ಕೂಡಲೇ, ಇಡೀ ಚಾವಡಿಗೆ ಕೇಳುವ ಹಾಗೆ. ಅಧಿಕಾರಿ ತಲೆಯೆತ್ತಿ ಅವಳನ್ನು ನೋಡಿದ. ಅವನ ಮುಖದಲ್ಲಿ ಸಂತೋಷ ಕಂಡಿತು.

"ಭೇಷ್! ನೋಡಿ, ಹೀಗಿರಬೇಕು. ಈ ಹೆಂಗಸಿಗೆ ಇರುವ ತಿಳಿವಳಿಕೆ ನಿಮ್ಮ ಊರುಗಳಲ್ಲಿ ಎಲ್ಲರಿಗೂ ಇದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು."

ಅವನಿಗೆ ಅದೇ ಸಾಕ್ಷಿಯಾಯಿತು. ಅಲ್ಲಿದ್ದ ಉಳಿದವರಿಗೆಲ್ಲ ಅದೇ ಉಲ್ಟಾ ಸಾಕ್ಷಿ. ಹೆಂಡತಿಯಾಗಿದ್ದರೆ ಆ ಹೆಸರು ಹಾಗೆ ಆಡುತ್ತಿರಲಿಲ್ಲ, ಆಡಿದಳು ಅಂದಮೇಲೆ ಹೆಂಡತಿಯಲ್ಲ. ಅವಳನ್ನು ಹಿಂದೆ ಕಂಡಿರದವರಿಗೂ ಆ ಗಳಿಗೆಯಲ್ಲಿ ಗೊತ್ತಾಯಿತು. ಸಾಲಿನಲ್ಲಿ ಮಾತು ನಿಂತುಹೋಯಿತು. ಪಟೇಲ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ನಾಳೆ ಅವರ ಕುರಿಯೂ ಅದೇ ಬೇಲಿಯ ಪಕ್ಕದಲ್ಲೇ ಮೇಯಬೇಕು. ಯಾರೂ ತುಟಿ ಎರಡು ಮಾಡಲಿಲ್ಲ. ಓದು ಬರದವರು ಯಾರಿಗೆ ಅಂತ ಹೇಳಿದರೆ ಅಧಿಕಾರಿಯೇ ಗುರುತು ಹಾಕುತ್ತಿದ್ದ. ನಾಗಕ್ಕ ಸಾವ್ಕಾರ್ರಿಗೆ ಅಂದಳು, ಅವನು ಗುರುತು ಹಾಕಿದ.

ಕೂಡಲೇ ಮನೆಗೆ ಹೋಗಬಹುದು ಅಂದುಕೊಂಡಿದ್ದಳು. ಪಟೇಲನ ಗಾಡಿ ಬೇರೆ ಓಟಿನವರನ್ನು ಕರೆತರಲು ಹೋಗಿಬಿಟ್ಟಿತು. ಅದು ಬರುವವರೆಗೂ ಚಾವಡಿಯ ಮುಂದಿನ ಹುಣಸೆ ಮರದ ಕೆಳಗೆ ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಳು. ಕಾಟಪ್ಪ ಮರದ ಹಿಂದುಗಡೆ ಬೀಡಿ ಸೇದುತ್ತ ನಿಂತಿದ್ದ. ಬಿಸಿಲು ಏರಿದಾಗ ಗಾಡಿ ಬಂತು. ಅದರ ಹಿಂದೆಯೇ, ದಾರಿಯಲ್ಲಿ, ಒಗೆದ ಸೀರೆ ಉಟ್ಟುಕೊಂಡು ನಡೆದು ಬರುತ್ತಿದ್ದ ಭೀಮಕ್ಕನೂ ಕಂಡಳು.

ನಾಗಕ್ಕನಿಗೆ ಏಳಲಾಗಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಭೀಮಕ್ಕ ಅತ್ತಿತ್ತ ನೋಡದೆ ನೇರ ಚಾವಡಿ ಹತ್ತಿ ಅಧಿಕಾರಿಗೆ ಕೈಮುಗಿದಳು.

"ಭೀಮಕ್ಕ ಅಂತ ಸ್ವಾಮಿ. ಓಟು ಕೊಡಾಕೆ ಬಂದಿವ್ನಿ."

"ಭೀಮಕ್ಕನ ಓಟು ಆಗಿಹೋಗಿದೆಯಲ್ಲ. ಬೆಳಗ್ಗೆಯೇ ಬಂದಿದ್ದಳು. ನೀನು ಯಾರು?"

"ನಾನೇ ಸ್ವಾಮಿ ಭೀಮಕ್ಕ."

"ಹಾಗಾದರೆ ಗಂಡನ ಹೆಸರು ಹೇಳು."

ಭೀಮಕ್ಕ ಯಾವಾಗಿನಂತೆ ಪಕ್ಕಕ್ಕೆ ತಿರುಗಿದಳು. "ಯೋಳ್ರಪ್ಪ" ಅಂದಳು.

ಯಾರೂ ಹೇಳಲಿಲ್ಲ.

ಅವಳಿಗೆ ಅರ್ಥವಾಗಲಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಅಂದಳು. ಹತ್ತಿರದಲ್ಲಿದ್ದವನು ನೆಲ ನೋಡಿದ. ಅವನ ಆಚೆ ಇದ್ದವನು ಬೋರಪ್ಪನ ಜೊತೆ ಕುರಿ ಕಾಯ್ದವನು, ಅವನೂ ರುಮಾಲು ಬಿಚ್ಚಿ ಸುತ್ತಿಕೊಳ್ಳತೊಡಗಿದ. "ಏನಾಯ್ತ್ರೋ ನಿಮ್ಗೆ? ನಮ್ಮನೆಯೋರ ಹೆಸ್ರು ಮರ್ತು ಹೋಯ್ತಾ? ಯೋಳ್ರೋ" ಅಂತ ಅವಳು ಸಾಲಿನುದ್ದಕ್ಕೂ ನೋಡಿದಳು. ಒಂದು ಹೆಸರು, ಅಷ್ಟೇ. ನೂರಾರು ಸಲ ಬಾಯಲ್ಲಿ ಆಡಿದವರು. ಆವತ್ತು ಆ ಗಂಡಸರೆಲ್ಲರೂ ಬೋರಪ್ಪನ ಹೆಂಡಿರಂತೆ ನಾಲಿಗೆ ಕಚ್ಚಿಕೊಂಡು ನಿಂತರು ಅಂತ ಅಜ್ಜಿ ಹೇಳಿದಳು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪಟೇಲ ಮುಂದೆ ಬಂದ. "ತಲೆ ಸರಿ ಇಲ್ಲ ಸ್ವಾಮಿ ಈ ಯಮ್ಮಂಗೆ" ಅಂದ. ಅಧಿಕಾರಿಯ ದನಿ ಗಟ್ಟಿಯಾಯಿತು. ಇನ್ನೊಬ್ಬರ ಹೆಸರಲ್ಲಿ ಓಟು ಹಾಕಲು ಬಂದರೆ ಜೈಲು ಗೊತ್ತೇನು ಅಂದ. ಆಗ ಭೀಮಕ್ಕ ದಿಕ್ಕು ತೋಚದೆ ಹೊರಗೆ ನೋಡಿದಳು. ಹುಣಸೆ ಮರದ ಕೆಳಗೆ ಕೂತಿದ್ದ ಆಕಾರ ಅವಳಿಗೆ ಗುರುತು ಸಿಕ್ಕಿತು. ಎಷ್ಟು ಸೆರಗು ಮುಚ್ಚಿದರೇನು, ಬೆಳೆಸಿದವಳಿಗೆ ಬೆನ್ನು ಸಾಕು.

"ನಮ್ ನಾಗಿ! ಸ್ವಾಮಿ, ಅಲ್ಲಿ ನಮ್ ನಾಗಿ ಅವ್ಳೆ, ಅವ್ಳು ಯೋಳ್ತಾಳೆ ತಡೀರಿ" ಅಂತ ಖುಷಿಯಿಂದಲೇ ಮೆಟ್ಟಿಲಿಳಿದು ಓಡಿಬಂದಳು. ಅಧಿಕಾರಿಯೂ ಎದ್ದು ಬಾಗಿಲಿಗೆ ಬಂದ. ಭೀಮಕ್ಕ ಮರದ ಕೆಳಗೆ ಬಂದು ಓರಗಿತ್ತಿಯ ಕೈ ಹಿಡಿದು ಎಬ್ಬಿಸಿದಳು. ಸೆರಗು ಜಾರಿತು. ಕೈಯಲ್ಲಿ ಬಳೆ ಇರಲಿಲ್ಲ. ಹಣೆ ಬೋಳಾಗಿತ್ತು.

ಭೀಮಕ್ಕ ಓಟಿನ ಮಾತನ್ನೇ ಮರೆತಳು.

"ಅಯ್ಯೋ ನಾಗೀ! ಕಾಟಂಗೆ ಏನಾಯ್ತೇ? ಅಯ್ಯೋ ನನ್ ಮಗನೇ! ನಿನ್ನೆ ಚೆನ್ನಾಗಿದ್ನಲ್ಲೇ, ಹಾವು ಮುಟ್ತಾ? ಯಾಕೇ ನಂಗ್ ಯಾರೂ ಯೋಳ್ಲಿಲ್ಲ?"

ಎದೆ ಎದೆ ಬಡಿದುಕೊಂಡಳು. ನಾಗಕ್ಕನನ್ನು ತಬ್ಬಿಕೊಂಡು, ಆ ಬರಿಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ಗೋಳೋ ಅಂತ ಅತ್ತಳು. ಸತ್ತಿಲ್ಲದವನಿಗಾಗಿ ಅತ್ತಳು, ನಿನ್ನ ವಯಸ್ಸಿಗೆ ಹಿಂಗಾಯ್ತಲ್ಲೇ ಅಂತ ನಾಗಕ್ಕನಿಗಾಗಿ ಅತ್ತಳು. ನಾಗಕ್ಕ ಅವಳ ತೋಳಿನಲ್ಲಿ ಮರಗಟ್ಟಿ ನಿಂತಿದ್ದಳು. ಒಂದು ಮಾತು ಆಡಿದ್ದರೆ ಅಕ್ಕನ ಅಳು ನಿಲ್ಲುತ್ತಿತ್ತು, ಅದನ್ನೂ ಆಡಲಿಲ್ಲ. ಭೂಮಿ ಬಾಯಿಬಿಡಬಾರದೇ ಅಂತ ಅನ್ನುತ್ತಾರಲ್ಲ, ಅದು ಹೇಗಿರುತ್ತದೆ ಅಂತ ಆವತ್ತು ತಿಳಿಯಿತಂತೆ.

ಅಳು ಕೇಳಲಾಗದೆ ಕಾಟಪ್ಪ ಮರದ ಹಿಂದಿನಿಂದ ಈಚೆಗೆ ಬಂದ. "ಅತ್ಗೆ" ಅಂದ. ಕೈಯಲ್ಲಿ ಬೀಡಿ ಇನ್ನೂ ಉರಿಯುತ್ತಿತ್ತು.

ಭೀಮಕ್ಕ ಅವನನ್ನು ನೋಡಿದಳು. ಮೊದಲು ಅವಳ ಮುಖ ಅರಳಿತು. ಬದುಕಿದ್ದಾನೆ ಅನ್ನುವುದಷ್ಟೇ ಆ ಗಳಿಗೆಯಲ್ಲಿ ಕಂಡದ್ದು. ಆಮೇಲೆ ಮತ್ತೆ ನಾಗಕ್ಕನ ಕೈ ನೋಡಿದಳು, ಹಣೆ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಪಟೇಲನನ್ನು ನೋಡಿದಳು. ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಟ್ಟಳು.

ಅಧಿಕಾರಿ ಮೆಟ್ಟಿಲ ಮೇಲಿಂದಲೇ ಕೇಳಿದ. "ಏನಿದು ಗಲಾಟೆ? ಬೆಳಗ್ಗೆ ಓಟು ಹಾಕಿದವಳು ಇವಳೇ ಅಲ್ಲವೇ? ನಿಮ್ಮಿಬ್ಬರಲ್ಲಿ ಭೀಮಕ್ಕ ಯಾರು? ಸರಿಯಾಗಿ ಹೇಳಿ. ಸುಳ್ಳು ಹೇಳಿದವಳು ಈಗಲೇ ಪೊಲೀಸರ ಜೊತೆ ಹೋಗಬೇಕಾಗುತ್ತದೆ."

ನಾಗಕ್ಕ ಬಾಯಿ ತೆರೆಯಬೇಕು ಅಂತ ನೋಡಿದಳಂತೆ. ನಾನೇ ತಪ್ಪು ಮಾಡಿದವಳು ಅನ್ನಬೇಕು ಅಂತ. ಬೆಳಗ್ಗೆ ಅಷ್ಟು ಸಲೀಸಾಗಿ ಹೊರಳಿದ ನಾಲಿಗೆ ಈಗ ಹೊರಳಲಿಲ್ಲ. ಭೀಮಕ್ಕನೇ ಸೆರಗಿನಿಂದ ಮುಖ ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿದಳು.

"ಅವ್ಳೇ ಭೀಮಕ್ಕ ಸ್ವಾಮಿ. ನಾನಲ್ಲ. ತಪ್ಪಾಯ್ತು, ಬುಟ್ಬುಡಿ."

ಅಧಿಕಾರಿ ಒಂದಿಷ್ಟು ಬೈದು, ವಯಸ್ಸಾದವಳು ಅಂತ ಬಿಟ್ಟುಬಿಟ್ಟ. ಭೀಮಕ್ಕ ಬಂದ ದಾರಿಯಲ್ಲೇ ನಡೆದು ಹೋದಳು. ಸ್ವಲ್ಪ ಹೊತ್ತಿಗೆ ಪಟೇಲನ ಗಾಡಿಯೂ ಹೊರಟಿತು. ದಾರಿಯಲ್ಲಿ ಗಾಡಿ ಅವಳನ್ನು ದಾಟಿತು. ನಿಲ್ಲಿಸು ಅಂತ ಕಾಟಪ್ಪ ಅನ್ನಲಿಲ್ಲ. ನಾಗಕ್ಕನೂ ಅನ್ನಲಿಲ್ಲ, ತಲೆ ಬಗ್ಗಿಸಿಕೊಂಡು ಕೂತಿದ್ದಳು. ಭೀಮಕ್ಕ ಧೂಳಿಗೆ ಪಕ್ಕಕ್ಕೆ ಸರಿದು ನಿಂತು ಗಾಡಿಗೆ ದಾರಿ ಬಿಟ್ಟಳು.

ಸಂಜೆಗೆ ಕುರಿ ಬಂದವು. ಪಟೇಲ ಆ ಮಾತು ಉಳಿಸಿಕೊಂಡ. ಉಳಿದಿದ್ದ ಮರಿಗಳು ತಾಯಿಗಳನ್ನು ಸೇರಿ ಕುಡಿದವು. ಎಲೆಕ್ಷನ್ನಿನಲ್ಲಿ ಶಂಕರಲಿಂಗಪ್ಪ ಭಾರಿ ಓಟುಗಳಿಂದ ಗೆದ್ದ. ಭೀಮಕ್ಕನ ಓಟು ಅವನಿಗೆ ಬೇಕೇ ಇರಲಿಲ್ಲ, ಅದು ಬಿದ್ದದ್ದು ಅವನಿಗೆ ಗೊತ್ತೂ ಇರಲಿಕ್ಕಿಲ್ಲ. ಕಾವಲಿನ ಬೇಲಿ ಹಾಗೆಯೇ ಇತ್ತು.

ವಕೀಲ ನಂದೀಶ್ವರಯ್ಯನವರಿಗೆ ಯಾರೋ ವಿಷಯ ಮುಟ್ಟಿಸಿದ್ದರು. ಅವರು ಮತ್ತೆ ನಮ್ಮ ಹಳ್ಳಿಗೆ ಬಂದು, ನಿನ್ನ ಓಟು ಕದ್ದಿದ್ದಾರಂತೆ, ಒಂದು ಅರ್ಜಿ ಕೊಡಮ್ಮ, ನಾನು ಕೇಸು ನಡೆಸುತ್ತೇನೆ ಅಂದರು. ಗೋಡೆಯ ಈಚೆ ನಾಗಕ್ಕ ಕೇಳುತ್ತಿದ್ದಳು. ಭೀಮಕ್ಕ, ಆವತ್ತು ಮೈ ಹುಷಾರಿರಲಿಲ್ಲ, ನಾನು ಅತ್ತ ಕಡೆ ಹೋಗಲೇ ಇಲ್ಲ ಅಂದಳು. ವಕೀಲರಿಗೆ ಸಿಟ್ಟು ಬಂತು. ಕೊಟ್ಟ ಮಾತು ಉಳಿಸಿಕೊಳ್ಳದ ನಿಮ್ಮಂಥವರಿಗೆ ಓಟು ಕೊಟ್ಟದ್ದೇ ತಪ್ಪು ಅಂತ ಅಂಗಳದಲ್ಲೇ ನಿಂತು ಕೂಗಾಡಿ ಹೋದರು. ಭೀಮಕ್ಕ ಅದನ್ನೂ ನಿಂತು ಕೇಳಿಸಿಕೊಂಡಳು.

ಆಮೇಲಿನ ಬದುಕು ಹೊರಗಿನಿಂದ ನೋಡಿದರೆ ಮೊದಲಿನಂತೆಯೇ ನಡೆಯಿತು. ಭೀಮಕ್ಕ ಮಾತು ಬಿಡಲಿಲ್ಲ. ಸಾರು ಮಾಡಿದರೆ ಗೋಡೆಯ ಮೇಲಿಂದ ಬಟ್ಟಲು ದಾಟಿಸುತ್ತಿದ್ದಳು, ನಮ್ಮಮ್ಮನಿಗೆ ಜಡೆ ಹಾಕುತ್ತಿದ್ದಳು. ಅವಳು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ನಾಗಕ್ಕ ಎಷ್ಟೋ ಸಲ ಅಂದುಕೊಂಡಳು. ಗಂಡ ಇರುವಾಗ ಕುಂಕುಮ ಅಳಿಸಿಕೊಂಡವಳು, ಅವನನ್ನು ತಿಂದುಕೊಳ್ಳುತ್ತಾಳೆ ಅಂತ ಬಾವಿಕಟ್ಟೆಯಲ್ಲಿ ಹೆಂಗಸರು ಕಾದರು. ಹಾಗೇನೂ ಆಗಲಿಲ್ಲ. ತಾತ ಗಟ್ಟಿಮುಟ್ಟಾಗಿ ಮೊಮ್ಮಕ್ಕಳನ್ನು ಕಾಣುವವರೆಗೂ ಬಾಳಿದ. ಏನಾದರೂ ಆಗಿದ್ದರೆ ಶಿಕ್ಷೆ ಮುಗಿಯಿತು ಅಂದುಕೊಳ್ಳಬಹುದಿತ್ತು, ಅದೂ ಅವಳಿಗೆ ಸಿಗಲಿಲ್ಲ. ಊರಿನಲ್ಲಿ ಎರಡು ದಿನ ಮಾತಾಡಿಕೊಂಡರು, ಮೂರನೆಯ ದಿನ ಎಲ್ಲರೂ ಸುಮ್ಮನಾದರು, ಏಕೆಂದರೆ ಆ ಸಾಲಿನಲ್ಲಿ ಎಲ್ಲರ ಮನೆಯ ಗಂಡಸರೂ ನಿಂತಿದ್ದರು. ನಾಗಕ್ಕ ಮಾತ್ರ ಜಾತ್ರೆ ಬಿಟ್ಟಳು, ಮದುವೆ ಮನೆಗಳನ್ನು ಬಿಟ್ಟಳು. ಯಾರಾದರೂ ಅಚಾನಕ್ಕಾಗಿ ಅವಳ ಕೈ ಹಿಡಿದರೆ ಬೆಚ್ಚಿಬಿದ್ದು ಎಳೆದುಕೊಳ್ಳುತ್ತಿದ್ದಳು.

ಮಹಾರಾಜರ ಕಾಲ ಮುಗಿಯುವ ಮೊದಲು ಇನ್ನೊಂದು ಎಲೆಕ್ಷನ್ ಬಂತು. ಅಷ್ಟರಲ್ಲಿ ಪಟೇಲ ದೊಡ್ಡರಂಗಪ್ಪ ಸತ್ತಿದ್ದ. ಶಂಕರಲಿಂಗಪ್ಪ ಗುತ್ತಿಗೆ ಬಿಟ್ಟು ಮಂಡಿ ವ್ಯಾಪಾರಕ್ಕೆ ಇಳಿದಿದ್ದ. ಹೆದರಿಸುವವರು ಯಾರೂ ಇರಲಿಲ್ಲ. ಭೀಮಕ್ಕನ ಹೆಸರು ಆಗಲೂ ಇತ್ತು. ಶಾನುಭೋಗರು ಬಂದು ತಿಳಿಸಿ ಹೋದರು. ಅವಳು ಸರಿ ಅಂದಳು, ಹೊರಡುವ ಮಾತು ಮಾತ್ರ ಆಡಲಿಲ್ಲ.

ಓಟಿನ ಹಿಂದಿನ ದಿನ ನಾಗಕ್ಕ ಧೈರ್ಯ ತಂದುಕೊಂಡು ಓರಗಿತ್ತಿಯ ಅಂಗಳಕ್ಕೆ ಹೋದಳು. ಅಷ್ಟು ವರ್ಷಗಳಲ್ಲಿ ಆ ವಿಷಯ ಎತ್ತಿದ್ದು ಅದೇ ಮೊದಲು. ಭೀಮಕ್ಕ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ನಾಗಕ್ಕ ಅವಳ ಕಾಲ ಹತ್ತಿರ ಕೂತಳು.

"ಅಕ್ಕ, ನಾಳೆ ಹೋಗಿ ಬಾರಕ್ಕ. ನಾನೂ ಜೊತೇಲಿ ಬತ್ತೀನಿ."

ಭೀಮಕ್ಕ ನೂಲುತ್ತಲೇ ಇದ್ದಳು.

"ನೀನೇನೂ ಮಾತಾಡ್ಬ್ಯಾಡ. ನಿನ್ ಪಕ್ಕದಲ್ಲೇ ನಿಂತ್ಕಂತೀನಿ. ಅವ್ರು ಕೇಳ್ತಿದ್ದಂಗೇ ಬಾವನ ಹೆಸ್ರು ನಾನೇ ಯೋಳ್ತೀನಿ. ಎಲ್ರ ಎದ್ರುಗೂ ಯೋಳ್ತೀನಿ, ಇವ್ಳೇ ನಮ್ಮಕ್ಕ ಭೀಮಕ್ಕ ಅಂತ."

ಕದಿರು ನಿಂತಿತು. ಭೀಮಕ್ಕ ಓರಗಿತ್ತಿಯ ತಲೆಯ ಮೇಲೆ ಕೈಯಿಟ್ಟಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಬ್ಯಾಡ ಕಣೇ ನಾಗಿ. ಓಟು ಹೋದ್ರೆ ಹೋಗ್ಲಿ. ನಿನ್ ಬಾಯಲ್ಲಿ ಆ ಹೆಸ್ರು ಇನ್ನೊಂದ್ ಸಲ ಬಂದ್ರೆ ಕೇಳಾಕೆ ನನ್ ಕೈಲಾಗಾಕಿಲ್ಲ."

ಇಬ್ಬರೂ ಆಮೇಲೆ ಕತ್ತಲಾಗುವವರೆಗೂ ಅಲ್ಲೇ ಕೂತು ಉಣ್ಣೆ ಹಿಂಜಿದರು. ಮಾರನೆಯ ದಿನ ಭೀಮಕ್ಕ ಕುರಿ ಹೊಡೆದುಕೊಂಡು ಬೆಟ್ಟದ ಕಡೆಗೆ ಹೋದಳು.